ಖಂಡೇಪೂಜೆಯ ಸಿಲಿಂಡರ್

ದಸರಾ ಹತ್ತಿರ ಬಂತೆಂದರೆ ಭೋಜ ಊರಿನ ಭೀಮಗೊಂಡನಿಗೆ ಕೂತಲ್ಲಿ ಕೂರಲಾಗದು. ಹಿಂದೆಲ್ಲ ಇದೇ ಹೊತ್ತಿಗೆ ಆ ಹಾಳು ತಲೆನೋವು ವಕ್ಕರಿಸುತ್ತಿತ್ತು. ಮೊದಲು ಬಲಗಣ್ಣಲ್ಲಿ ನೀರು, ಆಮೇಲೆ ಕಣ್ಣುಗುಡ್ಡೆ ಕಿತ್ತು ಬರುವಂಥ ನೋವು. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಮಾಸ್ಕು ಹಾಕಿಕೊಂಡು ಆಕ್ಸಿಜನ್ ಎಳೆದರೆ ಮಾತ್ರ ತಗ್ಗುತ್ತಿತ್ತು. ಈಗ ಆರು ವರ್ಷದಿಂದ ಅದರ ಸುಳಿವಿಲ್ಲ. ಆದರೂ ಕೊನೆಯ ಸಲ ನಿಪ್ಪಾಣಿಯಿಂದ ತುಂಬಿಸಿ ತಂದ ಸಿಲಿಂಡರ್ ಪಡಸಾಲೆಯ ಮೂಲೆಯಲ್ಲೇ ಇತ್ತು. ದಿನಾ ಅದನ್ನೊಮ್ಮೆ ಮುಟ್ಟಿಯೇ ಅವನು ಹೊಲಕ್ಕೆ ಹೋಗುವುದು.

ಆಯುಧಗಳಿಗೆ ಮಾಡುವ ಖಂಡೇಪೂಜೆಗೆಂದು ಸೊಸೆ ತ್ರಿಶಲಾ ಕುಡಗೋಲು, ಔಷಧಿ ಹೊಡೆಯುವ ಪಂಪಿನ ಜತೆ ಅದನ್ನೂ ತೊಳೆದು ಸಾಲಾಗಿ ಇಟ್ಟಿದ್ದಳು. ಅವಳು ಈ ಮನೆಗೆ ಬಂದದ್ದು ನೋವು ಬಿಟ್ಟ ಮೇಲೆ. ಹಿತ್ತಾಳೆಯ ವಾಲ್ವ್ ಬಂಗಾರದಂತೆ ಹೊಳೆಯುತ್ತಿತ್ತು.

"ಎಷ್ಟ ಚಂದ ತಿಕ್ಕೀಯವ್ವಾ!"

"ಹುಣಸಿಹಣ್ಣ ಹಚ್ಚೇನ್ರಿ ಮಾವಾರ. ಸಂದ್ಯಾಗಿನ ಕಿಲುಬು ಹೋಗ್ಲೆಂತ ಪ್ರತಿ ವರ್ಷ ಪೂರಾ ತಿರುವಿ ತಿಕ್ಕತೀನಿ. ಆವಾಗೆಲ್ಲಾ ಸುಂಯ್ ಅಂತಿತ್ತು. ಈ ಸಲ ಸಪ್ಪಳಾನ ಇಲ್ಲ ನೋಡ್ರಿ."

ಭೀಮಗೊಂಡ ವಾಲ್ವ್ ತಿರುವಿದ. ತುದಿತನಕ ತಿರುವಿ ಕಿವಿಯಿಟ್ಟ. ಉಸಿರೇ ಇಲ್ಲ. ಇಷ್ಟು ದಿನ ಮುಟ್ಟಿ ಮುಟ್ಟಿ ಧೈರ್ಯ ತಂದುಕೊಂಡದ್ದು ಬರೀ ಕಬ್ಬಿಣದಿಂದ!

"ಯಾಕ್ರಿ ಮಾವಾರ, ಕಣ್ಣಾಗ ನೀರ ಬಂದಾವು?"

"ಏನಿಲ್ಲವ್ವಾ, ಹೊಗಿ ಹೋಗೇತಿ" ಎನ್ನುತ್ತ ಬಲಗಣ್ಣು ಒರೆಸಿಕೊಂಡ.

ಊದಿನಕಡ್ಡಿ ಇನ್ನೂ ತ್ರಿಶಲಾಳ ಕೈಯಲ್ಲೇ ಇತ್ತು, ಹಚ್ಚಿರಲಿಲ್ಲ.