ತಿದಿಯೊಳಗಿನ ಹೆಸರು

ಆರ್ಗನ್ನಿನ ತಿದಿಯನ್ನು ದುರಸ್ತಿಗೆಂದು ಬಿಚ್ಚಿ ಚರ್ಚಿನ ನೆಲದ ಮೇಲೆ ಹರವಿ ಮೂರು ದಿನವಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಕಬೂಲಸಾಬನ ಸಿಟ್ಟು ನೆತ್ತಿಗೇರಿತು.

ಹುಬ್ಬಳ್ಳಿಯ ಕಮ್ಮಾರರಿಗೆಲ್ಲ ತಿದಿ ಹೊಲಿದುಕೊಡುವ ಮನೆತನ ಅವನದು. ಐವತ್ತು ವರ್ಷದ ಹಿಂದೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಈ ಆರ್ಗನ್ ಹಡಗೇರಿ ಬಂದಿತ್ತು. ಒಂದೇ ಮಳೆಗಾಲಕ್ಕೆ ಅದರ ವಿಲಾಯತಿ ತೊಗಲು ಬೂಷ್ಟು ಹಿಡಿದು ಹರಿಯಿತು. ಆಳೆತ್ತರದ ಕೊಳವೆಗಳಿದ್ದೂ ಉಸಿರಿಲ್ಲದೆ ಮೂಕಬಸವನಾಗಿ ನಿಂತ ಅದಕ್ಕೆ ಆಡಿನ ತೊಗಲು ಹದಮಾಡಿ ಹೊಲಿದವನು ಮಕಬೂಲಸಾಬನ ಅಪ್ಪ ಅಹಮದಸಾಬ.

ತಿದಿ ಮುಚ್ಚುವ ಮೊದಲು ಒಳಮೈಗೆ ಹೊಲಿದವನ ಹೆಸರು ಬರೆಯುವುದು ಆ ಮನೆಯ ಪದ್ಧತಿ. ಮುಂದೆಂದೋ ಬಿಚ್ಚಿದವನಿಗೆ ಯಾರನ್ನು ಹೊಗಳಬೇಕು, ಯಾರನ್ನು ಬೈಯಬೇಕು ಗೊತ್ತಾಗಲಿ ಅಂತ. ಅಪ್ಪನ ಹೆಸರು ಅಲ್ಲೇ ಇತ್ತು, ಮಸಿ ಮಾಸದೆ. ಮೊದಲ ದಿನ ಮಕಬೂಲಸಾಬ ಕೈ ತೊಳೆದುಕೊಂಡು ಬಂದು ಅದನ್ನು ಮುಟ್ಟಿದ್ದ.

ಐವತ್ತನೆಯ ವರ್ಷದ ಹಬ್ಬಕ್ಕೆ ಚರ್ಚಿನ ಮೇಲ್ವಿಚಾರಕ ಸಾಹೇಬರು ಆರ್ಗನ್ನಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು. ಅವತ್ತು ಬೆಳಿಗ್ಗೆ ಅವರ ಗುಮಾಸ್ತ ಕುಬೇರಪ್ಪ ಅದನ್ನು ಮಕಬೂಲಸಾಬನಿಗೆ ಕನ್ನಡದಲ್ಲಿ ಓದಿ ಹೇಳಿದ. ಮೊಳೆಯಿಂದ ತೊಗಲಿನವರೆಗೆ ಎಲ್ಲವೂ ವಿಲಾಯತಿಯದು, ಇಂದಿನವರೆಗೆ ಈ ದೇಶದವರ ಕೈ ಇದಕ್ಕೆ ಸೋಂಕಿಲ್ಲ, ಹಾಗಂತ ಬರೆದಿತ್ತು.

"ಹಂಗಾರ ಮೂರು ದಿನದಿಂದ ನಾ ಇಲ್ಲಿ ಕುಂತು ಏನ್ ಮಾಡಾಕತ್ತೇನ್ರಿ ಗುಮಾಸ್ತರ? ನಮಾಜು?"

ಕುಬೇರಪ್ಪ ನಗಲಿಲ್ಲ. ಬೂಟಿನ ಸದ್ದು ಕೇಳಿಸಿತ್ತು. ಸಾಹೇಬರು ಬಂದರು, ತೊಗಲಿನ ಮೇಲಿನ ಬರಹ ನೋಡಿದರು, ಮುಖ ಕೆಂಪಗಾಯಿತು. ಭಾನುವಾರ ಬಿಷಪ್ಪರು ಬರುವವರು, ಅಷ್ಟರೊಳಗೆ ಅದನ್ನು ಕೆರೆದು ತೆಗೆಯಬೇಕೆಂದರು.

"ಕೆರದ ಬಿಡೋ ಮಾರಾಯಾ. ಒಳಗಿಂದು, ಯಾರ ನೋಡ್ತಾರ?" ಅಂದ ಕುಬೇರಪ್ಪ.

"ಯಾರೂ ನೋಡೂದಿಲ್ಲಂದ್ರ ಕೆರಿಯೂದ್ಯಾಕ?"

ತೊಗಲು ಕೆರೆಯುವ ರಂಪಿಗೆ ನೆಲದ ಮೇಲಿತ್ತು. ಸಾಹೇಬರು ಅದನ್ನು ಬೂಟಿನ ತುದಿಯಿಂದ ಅವನ ಕಡೆ ನೂಕಿದರು.

ಮಕಬೂಲಸಾಬ ರಂಪಿಗೆ ಎತ್ತಿಕೊಂಡ. ಕೆರೆಯಲಿಲ್ಲ. ತಿದಿಯ ಹಲಗೆಯ ಅಂಚಿಗೆ ಅಪ್ಪ ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತ ಹೋದ. ಸಾಹೇಬರು ಕೂಗಾಡಿದರು, ಅವನು ತಲೆ ಎತ್ತಲಿಲ್ಲ. ಕೊನೆಗೆ ಇಡೀ ತೊಗಲನ್ನು ಸುರುಳಿ ಸುತ್ತಿ ಹೆಗಲಿಗೇರಿಸಿದ.

"ಹೆಸರ ಬ್ಯಾಡಂದವ್ರಿಗೆ ತೊಗಲ ಯಾಕ್ರಿ? ವಿಲಾಯತಿದು ಅಂತ ಬರದಾರಲ್ಲ, ಅಲ್ಲಿಂದ ತರಸ್ಲಿ. ಇದನ್ನ ಅವರಿಗೆ ಹೇಳ್ರಿ, ಒಂದಕ್ಷರ ಬಿಡಬ್ಯಾಡ್ರಿ."

ಸಾಹೇಬರ ಮುಂದೆ ಎಲ್ಲರ ಮಾತನ್ನೂ ಬೆಣ್ಣೆ ಹಚ್ಚಿ ಹೇಳುವುದು ಕುಬೇರಪ್ಪನ ರೂಢಿ. ಅವತ್ತು ಯಾಕೋ, ಒಂದಕ್ಷರವನ್ನೂ ಬಿಡಲಿಲ್ಲ.

ಭಾನುವಾರ ಬಿಷಪ್ಪರು ಬರಿಗಂಟಲಲ್ಲಿ ಹಾಡಿ ಹೋದರು. ಅತ್ತ ಕಮ್ಮಾರ ದ್ಯಾಮಣ್ಣನ ಕುಲುಮೆಯಲ್ಲಿ ಅದೇ ತೊಗಲಿನ ಹೊಸ ತಿದಿ ಬುಸುಗುಡುತ್ತಿತ್ತು. ಅದರ ಒಳಮೈಯಲ್ಲಿ ಈಗ ಎರಡು ಹೆಸರಿದ್ದವು. ಪಕ್ಕದಲ್ಲಿ ಕೂತ ಮಕಬೂಲಸಾಬನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.