ಫೋನು ಬಂದರೆ ಮಗ್ಗ ನಿಲ್ಲಿಸುತ್ತಿದ್ದ ಕಾಂತರಾಜು

ನೆಲಮಂಗಲದ ಕಡೆಯ ಮಧುರೆಯ ಕಾಂತರಾಜು ನಮ್ಮ ಪಕ್ಕದ ಮನೆಯವನು. ಕರೆಂಟಿನಲ್ಲಿ ಓಡುವ ನಾಲ್ಕು ಪವರ್‌ಲೂಮ್ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಾನೆ. ಹೋದ ವರ್ಷ ಅದರಲ್ಲಿ ಎರಡು ಕೆಲಸವಿಲ್ಲದೆ ನಿಂತುಹೋದವು. ಮಾಘದ ಮದುವೆಗಳ ಹೊತ್ತಿಗೆ ಆರ್ಡರ್ ಬಾರದಿದ್ದರೆ ಆ ಎರಡನ್ನೂ ಗುಜರಿಗೆ ಹಾಕುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಅವರಿಗೊಂದು ವೆಬ್‌ಸೈಟೂ ಇತ್ತು. ಇದ್ದು ಏನು ಬಂತು? ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆಗ ಬಂದ ಒಬ್ಬ ಏಜೆಂಟು. "ಒಂದೇ ತಿಂಗ್ಳಲ್ಲಿ ಗೂಗಲ್ ಮೊದಲನೇ ಪೇಜಿಗೆ ತರ್ತೀನಿ" ಅಂದ. ತಂದೂಬಿಟ್ಟ. ಹೇಗೆ ತಂದ ಗೊತ್ತೇ? ಜನ ಹುಡುಕುವುದು ಕೈಮಗ್ಗದ ಸೀರೆ ಎಂದು, ಆ ಹೆಸರನ್ನೇ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ, ಓದುವವರಿಗೆ ಕಾಣದೆ ಗೂಗಲ್‌ಗೆ ಮಾತ್ರ ಕಾಣುವ ಹಾಗೆ ನೂರು ಸಲ ತುಂಬಿಸಿದ್ದ. ಕಾಣುವ ಕಡೆಯೂ ಕೈಮಗ್ಗದ ಸೀರೆ ಎಂದೇ ಹಾಕಿದ್ದ. ಮಧುರೆ ಎಲ್ಲಿದೆಯೆಂದೇ ಅರಿಯದವರ ಹೆಸರಲ್ಲಿ ನಲವತ್ತು ಹೊಗಳಿಕೆ ಬರೆಸಿದ್ದ.

ಫೋನುಗಳು ಬರತೊಡಗಿದವು. ಫೋನು ಬಂದಾಗೆಲ್ಲ ಕಾಂತರಾಜು ಓಡಿಹೋಗಿ ಮಗ್ಗದ ಸ್ವಿಚ್ಚು ಆರಿಸುತ್ತಿದ್ದ. ಸದ್ದು ಕೇಳಿದರೆ ಕೈಮಗ್ಗವಲ್ಲವೆಂದು ತಿಳಿದುಬಿಡುತ್ತದಲ್ಲ. ಮಾತು ಮುಗಿದ ಮೇಲೆ ಮತ್ತೆ ಹಾಕುವುದು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಶ್ರಾವಣದ ಒಂದು ಭಾನುವಾರ ಹೊಸಕೋಟೆಯ ಮುನಿರತ್ನಮ್ಮ ಎಂಬುವವರು ಮಗಳ ಮದುವೆ ಸೀರೆಗೆಂದು ಮೊದಲೇ ತಿಳಿಸದೆ ಬಂದರು. ಬೀದಿಯ ತಿರುವಿನಲ್ಲೇ ಅವರಿಗೆ ಮಗ್ಗದ ಸದ್ದು ಕೇಳಿಸಿತು.

"ಏನಪ್ಪಾ, ಇದು ಕರೆಂಟ್ ಮಗ್ಗ ಅಲ್ವಾ? ಕೈಮಗ್ಗ ಅಂತ ಹಾಕಿದ್ದೀಯಲ್ಲ?"

ಕಾಂತರಾಜು ಅವರನ್ನು ಒಳಗೆ ಕೂರಿಸಿ ಸೀರೆ ಬಿಚ್ಚಿ ತೋರಿಸಿದ.

"ಸೀರೆ ಚೆನ್ನಾಗೇ ಐತೆ. ನಿಜ ಹೇಳಿದ್ದಿದ್ರೆ ತಗೊಂಡೋಗ್ತಿದ್ದೆ" ಎಂದು ಮುನಿರತ್ನಮ್ಮ ಎದ್ದು ಹೊರಟರು. ಕಾಂತರಾಜುವಿನ ಹೆಂಡತಿ ಪ್ರಮೋದಾ ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಇದಾಗಿ ಎರಡು ವಾರಕ್ಕೆ ವೆಬ್‌ಸೈಟು ಗೂಗಲ್ ಹುಡುಕಾಟದಿಂದಲೇ ಮಾಯವಾಯಿತು. ಏಜೆಂಟು ಫೋನೇ ಎತ್ತಲಿಲ್ಲ.

"ಬೇರೆ ಏಜೆಂಟನ್ನ ಹಿಡೀತೀನಿ" ಅಂದ ಕಾಂತರಾಜು.

"ಸಾಕು ಸುಮ್ನಿರಿ" ಅಂದಳು ಪ್ರಮೋದಾ. "ಆಯಮ್ಮ ಎದ್ದೋದಾಗ ನಂಗೆ ಎಲ್ಲಿ ಮುಖ ಇಟ್ಕೊಳ್ಳೋದು ಅನ್ನಂಗಾಯ್ತು. ಮಗ್ಗ ಹೋದ್ರೂ ಹೋಗ್ಲಿ, ಇನ್ನೊಂದು ಸುಳ್ಳು ಬೇಡ."

ಅವತ್ತೇ ಗಂಡನನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಅಲ್ಲಿ ಧನುಶ್ರೀಯ ಆನ್‌ಲೈನ್ ಸೇವೆಗಳ ಅಂಗಡಿ ಇದೆ. ಆಕೆ ವೆಬ್‌ಸೈಟ್ ಕೆಲಸ ಬಲ್ಲವಳು.

"ಕಳ್ಳದಾರಿ ಹಿಡಿದ್ರೆ ಗೂಗಲ್‌ನವರು ಪತ್ತೆ ಮಾಡಿ ಕೆಳಗೆ ತಳ್ತಾರೆ ಅಕ್ಕ" ಅಂದಳು ಧನುಶ್ರೀ. "ಜನ ಏನು ಕೇಳ್ತಾರೋ ಅದಕ್ಕೆ ನಿಜವಾದ ಉತ್ತರ ಬರೀಬೇಕು. ಫೋನ್ ಮಾಡ್ದೋರು ಏನೇನ್ ಕೇಳ್ತಿದ್ರು?"

"ಬಣ್ಣ ಬಿಡ್ತದಾ, ಮನೇಲೇ ಒಗೀಬೋದಾ ಅಂತ. ಮದುವೆಗೆ ಒಂದೇ ಥರದ ಮೂವತ್ತು ಸೀರೆ ಸಿಗ್ತಾವಾ ಅಂತ ಸುಮಾರು ಜನ ಕೇಳೋರು" ಅಂದಳು ಪ್ರಮೋದಾ.

"ಸಿಗ್ತಾವಾ?"

"ಪವರ್‌ಲೂಮಲ್ಲಿ ಸಿಗ್ದೆ ಏನು? ಬಣ್ಣ, ಬಾರ್ಡರು ಒಂಚೂರೂ ಹೆಚ್ಚುಕಮ್ಮಿ ಆಗಲ್ಲ."

"ಮತ್ತೆ ಅದನ್ನೇ ಬಚ್ಚಿಟ್ಟು ಕೂತಿದ್ದೀರಲ್ಲ ಅಕ್ಕ."

ಪ್ರಮೋದಾ ಗಂಡನ ಮುಖ ನೋಡಿದಳು. ಅವನಿಗೆ ಇನ್ನೂ ಅನುಮಾನ. "ಪವರ್‌ಲೂಮ್ ಅಂತ ಬರೆದ್ರೆ ಯಾರು ತಿರುಗಿ ನೋಡ್ತಾರೆ ಧನು?"

"ಬೇಕಾದೋರು ನೋಡ್ತಾರೆ ಕಾಂತಣ್ಣ. ನಾಲ್ಕೈದು ತಿಂಗ್ಳು ಹಿಡೀಬೋದು. ಮೊದಲನೇ ಪೇಜಿಗೆ ತಂದೇ ತರ್ತೀನಿ ಅಂತ ನಾನು ಗ್ಯಾರಂಟಿ ಕೊಡಲ್ಲ. ಕೊಡ್ತೀನಿ ಅನ್ನೋರನ್ನ ನಂಬಲೂಬೇಡಿ."

ಕಾಣದ ಅಕ್ಷರಗಳನ್ನು ಅಳಿಸಿದರು. ಕೈಮಗ್ಗ ಎಂದಿದ್ದ ಕಡೆಯಲ್ಲೆಲ್ಲ ಪವರ್‌ಲೂಮ್ ಎಂದು ಬರೆದರು. ಸುಳ್ಳು ಹೊಗಳಿಕೆಗಳನ್ನು ತೆಗೆಸಿದರು. ತಪ್ಪು ತಿದ್ದಿಕೊಂಡಿದ್ದೇವೆ, ಮತ್ತೊಮ್ಮೆ ನೋಡಿ ಎಂದು ಗೂಗಲ್‌ಗೆ ಬರೆದುಕೊಂಡರು. ಪ್ರಮೋದಾ ದಿನವೂ ಅಡುಗೆ ಮುಗಿಸಿ ಕುಳಿತು, ಜನ ಕೇಳಿದ ಒಂದೊಂದು ಪ್ರಶ್ನೆಗೂ ತನ್ನ ಮಾತಿನಲ್ಲೇ ಉತ್ತರ ಬರೆದಳು. ಸೀರೆಗಳ ಫೋಟೋ ತಾನೇ ತೆಗೆದಳು, ವಿಳಾಸ, ಬಾಗಿಲು ತೆಗೆಯುವ ಹೊತ್ತು ಹಾಕಿದಳು. ನಿಜವಾಗಿ ಕೊಂಡವರಿಗೆ ಅನಿಸಿದ್ದನ್ನು ಬರೆಯಿರಿ ಅಂದಳು. ಒಬ್ಬಾಕೆ ಕುಚ್ಚು ಸರಿಯಿಲ್ಲ ಎಂದು ಬರೆದಾಗ ಅಳಿಸಲು ಹೋಗಲಿಲ್ಲ, ಕೆಳಗೆ ಕ್ಷಮೆ ಕೇಳಿ ಕುಚ್ಚು ಹಾಕಿಸಿಕೊಟ್ಟಳು.

ಕಾರ್ತಿಕ ಕಳೆಯಿತು, ಫೋನಿಲ್ಲ. ಗುಜರಿಯವನು ಬಂದು ಎರಡು ಮಗ್ಗ ನೋಡಿಕೊಂಡು ಹೋದ. ಪ್ರಮೋದಾ ಬರೆಯುವುದು ಬಿಡಲಿಲ್ಲ.

ಪುಷ್ಯದಲ್ಲಿ ಒಂದು ಬೆಳಿಗ್ಗೆ ನೆಲಮಂಗಲದಿಂದ ಫೋನು ಬಂತು. "ಮದುವೆಗೆ ಒಂದೇ ಥರದ ಸೀರೆ ಅಂತ ಹುಡುಕ್ದೆ, ನಿಮ್ದು ಸಿಕ್ತು. ನಲವತ್ತು ಬೇಕಿತ್ತು. ಪವರ್‌ಲೂಮೇ ತಾನೆ?"

ಕಾಂತರಾಜುವಿನ ಕೈ ಅಭ್ಯಾಸಬಲದಿಂದ ಸ್ವಿಚ್ಚಿಗೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡ.

"ಹೂನಮ್ಮ, ಪವರ್‌ಲೂಮೇ. ಕೇಳಿಸ್ಕೊಳ್ಳಿ" ಎಂದು ಫೋನನ್ನು ಓಡುವ ಮಗ್ಗದ ಹತ್ತಿರ ಹಿಡಿದ.

ಆ ನಲವತ್ತು ಸೀರೆಯ ಆರ್ಡರು ಕೈಗೆ ಬಂತು, ಮಗ್ಗಗಳು ಗುಜರಿಗೆ ಹೋಗಲಿಲ್ಲ. ಈಗ ನಾಲ್ಕೂ ಮಗ್ಗದ ಸದ್ದು ನಮ್ಮ ಮನೆಗೆ ಕೇಳುತ್ತದೆ. ಸದ್ದು ಜಾಸ್ತಿಯೇ, ಆದರೂ ನನಗೆ ಸಂತೋಷ.

ವ್ಯಾಪಾರಕ್ಕೆಂದು ವೆಬ್‌ಸೈಟ್ ಇಟ್ಟುಕೊಂಡಿರುವ ಅಕ್ಕ ಅಣ್ಣಂದಿರೇ, ಇವತ್ತೇ ಅದನ್ನು ತೆರೆದು ಪೂರ್ತಿ ಓದಿ. ಗಿರಾಕಿ ಈಗಲೇ ನಿಮ್ಮ ಬಾಗಿಲಿಗೆ ಬಂದು ನಿಂತರೆ ನೀವು ಆರಿಸಬೇಕಾದ ಸ್ವಿಚ್ಚು ಏನಾದರೂ ಇದೆಯೇ? ಇದ್ದರೆ ಆ ಸಾಲನ್ನು ಅಳಿಸಿ, ಅಲ್ಲಿ ನಿಜ ಬರೆಯಿರಿ.