ಸಾರಿಸಿ ಮುಚ್ಚಿದ ದಾರಿ

ಶೇಖವ್ವ ಅಂಗಳ ಸಾರಿಸುತ್ತಿದ್ದಳು. ಸಗಣಿ ಉಳಿಯಿತು. ಮನೆಯ ಮುಂದೆ ಸಾಲಾಗಿ ಹಾಸಿದ್ದ ಒರಟು ಕಲ್ಲುಗಳ ಮೇಲೂ ದಪ್ಪಗೆ ಬಳಿದು, ನುಣ್ಣಗೆ ಮಾಡಿ, ಕೈ ತೊಳೆದುಕೊಂಡಳು.

ಅವಳ ಭಾವ ಮೈಲಾರಪ್ಪನಿಗೆ ಕಣ್ಣು ಕಾಣುವುದಿಲ್ಲ. ಹತ್ತಿಮತ್ತೂರಿನ ಆ ಓಣಿಯಲ್ಲಿ ಬರಿಗಾಲಿನಿಂದ ಆ ಕಲ್ಲುಗಳನ್ನು ತುಳಿಯುತ್ತ, ಒಬ್ಬನೇ ಚಹಾದಂಗಡಿಗೆ ಹೋಗಿಬರುತ್ತಿದ್ದ. ಅಂದು ಕಾಲಿಗೆ ಕಲ್ಲು ಹತ್ತಲಿಲ್ಲ. ದಾರಿ ತಿರುಗುವಲ್ಲಿ ನೆಟ್ಟಗೆ ನಡೆದು ತಿಪ್ಪೆಗುಂಡಿಗೆ ಇಳಿದ.

“ಶೇಖವ್ವಾ, ದಾರಿ ಎಲ್ಲಿಟ್ಟೀಯವಾ?” ಎಂದು ಗುಂಡಿಯೊಳಗಿಂದ ಕೇಳಿದ.

“ಅಯ್ಯ ಭಾವಾರ! ಇನ್ನ ನಿಮ್ಮನ್ನ ಹೊರಗ ಬಿಡಂಗಿಲ್ಲ. ಮನ್ಯಾಗ ಕುಂತು ನಾ ಮಾಡಿದ ಚಾ ಕುಡೀರಿ.”

“ಹಂಗಾರ ಇಲ್ಲೇ ಇರ್ತೇನಿ ಬಿಡು.”

ಆ ಕಲ್ಲು ಹಾಕಿಸಿದ್ದ ನರ್ಸಬಾಯಿ ಹಾಜರಾಬಿ ಓಡಿ ಬಂದು ಅವನನ್ನು ಮೇಲೆತ್ತಿದರು.

“ಕಲ್ಲ ಯಾಕ ಮುಚ್ಚಿದೀ ಅಕ್ಕಾ? ಬೀಸುಕಲ್ಲಿಗೆ ಹೊಡದಂಗ ಉಳಿಪೆಟ್ಟು ಹೊಡಿಸೇವಿ. ಕಾಲಿಗೆ ಉದ್ದ ಗೆರಿ ಹತ್ತಿದ್ರ ನಡೀಬೇಕು. ಚುಕ್ಕಿ ಹತ್ತಿದ್ರ ನಿಂದ್ರಬೇಕು, ಮುಂದ ಗುಂಡಿ ಐತಿ ಅಂತ.”

“ಓಣಿ ನುಣ್ಣಗಿದ್ರ ಚಂದರಿ ಬಾಯಾರ. ಅಂಗವಿಕಲರ ವರ್ಷ ಅಂತ ರೇಡಿಯೋದಾಗ ಒದರ್ತಾರಲ್ಲ, ಅದು ಮುಗಿದ ಮ್ಯಾಲೆ ನೀವ ಕಲ್ಲು ಕೀಳ್ತೀರಿ, ಹೌದಲ್ಲ?”

“ವರ್ಷ ಮುಗಿದ್ರ ನಿಮ್ಮ ಭಾವಗ ಕಣ್ಣು ಬರ್ತಾವೇನು?”

“ಕೈಯಾಗ ಬಡಿಗಿ ಐತಲ್ರಿ!” ಎನ್ನುತ್ತ ಶೇಖವ್ವ ಹೊಲಕ್ಕೆ ನಡೆದಳು.

ಸಂಜೆ ಜೋಳದ ಕಣಿಕೆಯ ಹೊರೆ ಹೊತ್ತು ಬಂದಳು. ಒಣ ಗರಿಗಳು ಮುಖದ ಮೇಲೆ ಇಳಿಬಿದ್ದು ಮುಂದೇನೂ ಕಾಣುತ್ತಿರಲಿಲ್ಲ. ಓಣಿಯುದ್ದಕ್ಕೂ ಕಾಲಿಗೆ ಕಲ್ಲು ಹತ್ತುತ್ತಿತ್ತು, ಧೈರ್ಯವಾಗಿ ನಡೆದಳು. ತನ್ನ ಮನೆಯ ಮುಂದೆ ಬಂದಾಗ ಮಾತ್ರ ಕಾಲಿಗೆ ನುಣುಪು ನೆಲ ಸಿಕ್ಕಿತು. ಮುಂದಿನ ಹೆಜ್ಜೆ ಗುಂಡಿಯಲ್ಲಿ.

ಕಟ್ಟೆಯ ಮೇಲೆ ಕುಳಿತಿದ್ದ ಮೈಲಾರಪ್ಪ ಕಿವಿಗೊಟ್ಟ.

“ಶೇಖವ್ವ ಏನು? ಮೆತ್ತಗೈತಲ್ಲ? ನಾಳಿಯಿಂದ ಇಬ್ರೂ ಮನ್ಯಾಗ ಕುಂಡ್ರೂಣು ಬಾ.”

ಶೇಖವ್ವ ತಲೆಯಲ್ಲಿದ್ದ ಕಸವನ್ನೂ ಕೊಡವಲಿಲ್ಲ. ಕುರ್ಪಿ ತಂದು ಸಗಣಿ ಕೆರೆದಳು, ಕೊಡಗಟ್ಟಲೆ ನೀರು ಹೊಯ್ದು ಕಲ್ಲು ತೊಳೆದಳು.

“ನಾಳೆ ಅಂಗಡಿಗೆ ಹೋಗ್ರಿ ಭಾವಾರ,” ಎಂದಳು. “ಬರೂಮುಂದ ನನಗೂ ಒಂದು ಚಾ ತರ್ರಿ.”

ಓದುವ ಅಕ್ಕ-ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಇಂಥ ಕಲ್ಲು ಹಾಕಿಸಿ. ಅದರ ಮೇಲೆ ಸಾರಿಸಬೇಡಿ, ಮೆಣಸಿನಕಾಯಿ ಒಣಹಾಕಬೇಡಿ, ಎಮ್ಮೆ ಕಟ್ಟಬೇಡಿ. ಇಂದು ಬೆಳಿಗ್ಗೆ ಆ ಕಲ್ಲುಗಳ ಮೇಲೆ ಯಾರದೋ ಚಕ್ಕಡಿ ನಿಂತಿದೆ. ಅಂಗಡಿಯಲ್ಲಿ ಕುಳಿತವರೆಲ್ಲ ತಮ್ಮ ತಮ್ಮ ಚಹಾದ ಬಸಿಯನ್ನೇ ನೋಡುತ್ತಿದ್ದಾರೆ. ಮೈಲಾರಪ್ಪ ಗಾಲಿಯನ್ನು ಮುಟ್ಟಿ ನೋಡಿ ಕೇಳುತ್ತಿದ್ದಾನೆ:

“ಯಾರದಪಾ ಇದು? ಸ್ವಲ್ಪ ಸರಸ್ರಿ.”